33 ತುಂಬುವ ಮುಂಚೆ ಆಸ್ಟ್ರೇಲಿಯಾ ಪಾಯಿಂಟ್ ಹೆಚ್ಚಿಸಿಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಊರು ಗೋಣಿಕೊಪ್ಪ, ಮನೆಮಾತು ಕೊಡವ ತಕ್ಕ್, ವಯಸ್ಸು 32, ಇನ್ನು ಎಂಟು ತಿಂಗಳಿಗೆ 33. ಸಿವಿಲ್ ಬಿಇ ಮುಗಿಸಿ ಮೂರು ವರ್ಷ ಮನೆಯ ಕಾಫಿ ತೋಟ ನೋಡಿಕೊಂಡಿರಿ, ಆಮೇಲೆ ಆರು ವರ್ಷದಿಂದ ರಸ್ತೆ ಮತ್ತು ತಡೆಗೋಡೆ ಕೆಲಸ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ 7. ಮದುವೆ ಆಗಿಲ್ಲ. ಆಸ್ಟ್ರೇಲಿಯಾ ವಲಸೆ ವೀಸಾದ ಲೆಕ್ಕದಲ್ಲಿ 75 ಪಾಯಿಂಟ್ ಇದ್ದರೂ ವೀಸಾಕ್ಕೆ ಅರ್ಜಿ ಹಾಕಲು ಕರೆ ಬಂದಿಲ್ಲ. ತೋಟದ ಮೂರು ವರ್ಷವನ್ನೂ ಸೈಟ್ ಇಂಜಿನಿಯರ್ ಅಂತ ತೋರಿಸಬಹುದಾ ಅನ್ನುವುದು ಇನ್ನೊಂದು ಪ್ರಶ್ನೆ.

ನಾನು ವಿರಾಜಪೇಟೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನನ್ನ ತಮ್ಮನೂ ಸಿವಿಲ್ ಇಂಜಿನಿಯರ್, ಅವನ ಕಾಗದಪತ್ರ ಜೋಡಿಸಿದ್ದು ನಾನೇ. ಆ ಅನುಭವದಿಂದ ಹೇಳುತ್ತಿದ್ದೇನೆ.

65 ಇದ್ದರೆ ಆಸ್ಟ್ರೇಲಿಯಾ ಸರ್ಕಾರದ ಸ್ಕಿಲ್‌ಸೆಲೆಕ್ಟ್ ವೆಬ್‌ಸೈಟಿನಲ್ಲಿ ಇಒಐ (ಆಸಕ್ತಿ ತಿಳಿಸುವ ಅರ್ಜಿ) ಹಾಕಬಹುದು, ಅಷ್ಟೇ. ಒಂದೇ ಕೆಲಸದವರಲ್ಲಿ ಪಾಯಿಂಟ್ ಜಾಸ್ತಿ ಇರುವವರಿಗೆ ಮೊದಲು ಕರೆ ಹೋಗುತ್ತದೆ. ನಿಮ್ಮ 75 ಬಂದಿದ್ದು ಹೀಗೆ: ವಯಸ್ಸಿಗೆ 30, ಇಂಗ್ಲಿಷ್‌ಗೆ 10, ಡಿಗ್ರಿಗೆ 15, ಅನುಭವಕ್ಕೆ 10, ಒಂಟಿಯಾಗಿರುವುದಕ್ಕೆ 10. ಕರೆ ಬರುವ ಮುಂಚೆ 33 ತುಂಬಿದರೆ ವಯಸ್ಸಿನ ಪಾಯಿಂಟ್ 25ಕ್ಕೆ ಇಳಿಯುತ್ತದೆ. ಅನುಭವದ ಪಾಯಿಂಟ್ ಏರಬೇಕಾದರೆ 8 ವರ್ಷ ಆಗಬೇಕು. ಅಂದರೆ ಸುಮ್ನೆ ಕಾಯುತ್ತಾ ಕೂತರೆ ನಿಮ್ಮದು 70 ಆಗುತ್ತದೆ.

ಹಾಗಾಗಿ ಈ ಎಂಟು ತಿಂಗಳನ್ನು ಭಾಷೆಗೆ ಕೊಡಿ. ನಾಲ್ಕೂ ವಿಭಾಗದಲ್ಲಿ 8 ಬಂದರೆ ಇಂಗ್ಲಿಷ್‌ನ 10 ಪಾಯಿಂಟ್ 20 ಆಗುತ್ತದೆ. ಇಷ್ಟು ದೊಡ್ಡ ಏರಿಕೆ ನಿಮ್ಮ ಕೈಯಲ್ಲಿರುವ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ರೈಟಿಂಗ್‌ನಲ್ಲಿ. ಕಾನ್ವೆಂಟಿನಲ್ಲಿ ಓದಿದವರು, ಚೆನ್ನಾಗಿ ಮಾತಾಡುವವರು, ಆದರೂ ಬರವಣಿಗೆ 7 ದಾಟುವುದಿಲ್ಲ. ಬಾಯಿಪಾಠ ಮಾಡಿದ ಶುರುವಾತು, ದೊಡ್ಡ ದೊಡ್ಡ ಪದ, ಕೇಳಿದ್ದಕ್ಕೆ ಅರ್ಧ ಉತ್ತರ. ಎರಡನೇ ಟಾಸ್ಕ್‌ಗೆ ಮೊದಲನೆಯದರ ಎರಡು ಪಟ್ಟು ತೂಕ ಇದೆ, ಹಾಗಾಗಿ ಅದಕ್ಕೆ 40 ನಿಮಿಷ ಪೂರ್ತಿ ಬಿಡಿ. ವಾರಕ್ಕೆ ಮೂರು ಪ್ರಬಂಧ ಬರೆದು ಯಾರಿಂದಾದರೂ ತಿದ್ದಿಸಿಕೊಳ್ಳಿ. ತಿದ್ದಿಸದೆ ಮೂವತ್ತು ಬರೆದರೂ ಅದೇ ತಪ್ಪು ಗಟ್ಟಿಯಾಗುತ್ತದೆ. ಪಿಟಿಇ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆ ನಿಮಗೆ ಸುಲಭ ಅನಿಸಿದರೆ ಅದನ್ನೇ ಬರೆಯಿರಿ, ಆದರೆ ಹಳೆಯ ವಿಡಿಯೋಗಳಲ್ಲಿ ಹೇಳುವ, ಪ್ರತಿ ವಿಭಾಗಕ್ಕೂ 79 ಸಾಕು ಅನ್ನುವ ಲೆಕ್ಕ ನಂಬಬೇಡಿ. 2025ರ ಆಗಸ್ಟ್‌ನಿಂದ ಒಂದೊಂದು ವಿಭಾಗಕ್ಕೂ ಬೇರೆ ಬೇರೆ ಅಂಕ ಬೇಕು.

ಇನ್ನೊಂದು ದಾರಿ ನಮ್ಮವರಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ. ಅನುವಾದಕರಿಗೆ ಮಾನ್ಯತೆ ಕೊಡುವ ನಾಟಿ (NAATI) ಅನ್ನುವ ಆಸ್ಟ್ರೇಲಿಯಾದ ಸಂಸ್ಥೆ ಸಿಸಿಎಲ್ ಅನ್ನುವ ಭಾಷಾ ಪರೀಕ್ಷೆ ನಡೆಸುತ್ತದೆ. ಅದರಲ್ಲಿ ಕನ್ನಡ ಇದೆ, ಪಾಸಾದರೆ 5 ಪಾಯಿಂಟ್. ಕೊಡವ ತಕ್ಕ್ ಪಟ್ಟಿಯಲ್ಲಿಲ್ಲ, ಆದರೆ ನೀವು ಶಾಲೆಯಲ್ಲಿ ಕನ್ನಡ ಓದಿದವರು ಅಲ್ವಾ? ಎರಡು ಸಂಭಾಷಣೆ ಇರುತ್ತವೆ. ಒಬ್ಬರು ಇಂಗ್ಲಿಷ್‌ನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಮಾತಾಡುತ್ತಾರೆ, ನೀವು ಎರಡೂ ಕಡೆಗೆ ಬಾಯಲ್ಲೇ ಅನುವಾದ ಮಾಡಬೇಕು. ವಿಷಯ ಆಸ್ಪತ್ರೆ, ವಿಮೆ, ಬಾಡಿಗೆ ಮನೆ, ಪೊಲೀಸು, ಶಾಲೆ, ಹೀಗೆ. 90ಕ್ಕೆ 63 ಬೇಕು, ಒಂದೊಂದು ಸಂಭಾಷಣೆಯಲ್ಲೂ 45ಕ್ಕೆ 29 ಇರಲೇಬೇಕು. ಸುಲಭ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ನಾವು ಕೊಡಗಿನವರು ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸುತ್ತೇವೆ, ಅಲ್ಲಿ ಅದು ತೊಡಕಾಗುತ್ತದೆ. ಜಾಮೀನು, ವಿಮೆ ಕಂತು, ರಕ್ತದೊತ್ತಡ, ಪರಿಹಾರ ಧನ, ಇಂಥ ಪದಗಳು ತಡವರಿಸದೆ ಬರಬೇಕು. ದಿನಾ ಕನ್ನಡ ಪತ್ರಿಕೆ ಓದಿ, ರೇಡಿಯೋ ಸುದ್ದಿ ಕೇಳಿ, ಆ ಕ್ಷಣಕ್ಕೇ ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ಪರೀಕ್ಷೆ ಆನ್‌ಲೈನ್, ನಮ್ಮದೇ ಕಂಪ್ಯೂಟರಿನಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ನಂಬಬೇಡಿ. ಜೂನ್–ಆಗಸ್ಟ್‌ನಲ್ಲಿ ದಿನಾಂಕ ಸಿಕ್ಕರೆ ಮೈಸೂರಿನಲ್ಲಿ ನೆಂಟರ ಮನೆಗೆ ಹೋಗಿ ಬರೆಯಿರಿ.

ಇಂಗ್ಲಿಷ್, ಸಿಸಿಎಲ್ ಎರಡೂ ಕೈಹಿಡಿದರೆ ನಿಮ್ಮ ಪಾಯಿಂಟ್ 90. ಅಲ್ಲಿನ ಯಾವುದಾದರೂ ರಾಜ್ಯದ ನಾಮಿನೇಷನ್ (ಶಿಫಾರಸು) ಸಿಕ್ಕರೆ 190 ಅನ್ನುವ ಕಾಯಂ ವೀಸಾಕ್ಕೆ ಇನ್ನೂ 5, 491 ಅನ್ನುವ ತಾತ್ಕಾಲಿಕ ವೀಸಾಕ್ಕೆ 15. 491ರಲ್ಲಿ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ಕಡೆ ಇರಬೇಕು. ಅಡಿಲೇಡ್, ಪರ್ತ್ ಕೂಡ ಅದರಲ್ಲಿ ಸೇರುತ್ತವೆ, ಹಾಗಾಗಿ ಹೆದರುವಂಥದ್ದೇನಿಲ್ಲ. ಮೂರು ವರ್ಷ ಷರತ್ತು ಪಾಲಿಸಿದರೆ 191 ವೀಸಾ ಮೂಲಕ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಒಂದೊಂದು ರಾಜ್ಯಕ್ಕೂ ಬೇರೆ ನಿಯಮ ಇದೆ, ಅವರವರ ವೆಬ್‌ಸೈಟಿನಲ್ಲೇ ಓದಿ.

ಈಗ ತೋಟದ ಮೂರು ವರ್ಷ. ತೋರಿಸಬೇಡಿ. ಒಂಬತ್ತು ವರ್ಷ ಅಂತ ಹೇಳಿದರೆ ಅನುಭವಕ್ಕೆ 15 ಬರುತ್ತದೆ, ಆಸೆ ಯಾಕೆ ಅಂತ ಅರ್ಥವಾಗುತ್ತದೆ. ಆದರೆ ಸುಳ್ಳು ಪತ್ರ ಸಿಕ್ಕಿಬಿದ್ದರೆ ವೀಸಾ ನಿರಾಕರಿಸಿ ಮೂರು ವರ್ಷ ಬಾಗಿಲು ಮುಚ್ಚುತ್ತಾರೆ. ಆಗ ನಿಮಗೆ 36. "ಲೆಟರ್ ನಾವು ಮಾಡಿಸಿ ಕೊಡ್ತೇವೆ" ಅನ್ನುವ ಏಜೆಂಟರ ಆಫೀಸಿನಿಂದ ಎದ್ದು ಬನ್ನಿ, ದಯವಿಟ್ಟು.

ನಿಜವಾದ ಆರು ವರ್ಷಕ್ಕೇ ಗಟ್ಟಿ ದಾಖಲೆ ಬೇಕು. ಅದೇ ನಮ್ಮ ಕಡೆಯ ದೊಡ್ಡ ಕಷ್ಟ. ಸಣ್ಣ ಗುತ್ತಿಗೆದಾರರು ಸಂಬಳ ಕೈಗೆ ಕೊಡುತ್ತಾರೆ. ಪಿಎಫ್ ಇಲ್ಲ, ಫಾರ್ಮ್ 16 ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, 26ಎಎಸ್ (ಆದಾಯ ತೆರಿಗೆ ಕಡಿತದ ವಿವರ), ನೇಮಕ ಪತ್ರ, ಕೆಲಸದ ವಿವರ ಇರುವ ರೆಫರೆನ್ಸ್ ಪತ್ರ ಇವತ್ತಿನಿಂದಲೇ ಹುಡುಕಿ. ದಾಖಲೆಯಲ್ಲಿ ಐದು ವರ್ಷ ನಿಂತರೂ 10 ಪಾಯಿಂಟ್ ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ 5 ಮಾತ್ರ, ಆಗ ಇಒಐಯಲ್ಲಿ ತಕ್ಷಣ ಸರಿಪಡಿಸಿ.

ಇಂಜಿನಿಯರುಗಳ ಓದು, ಕೆಲಸ ಪರಿಶೀಲಿಸಿ ಸ್ಕಿಲ್ ಅಸೆಸ್‌ಮೆಂಟ್ ಕೊಡುವ ಸಂಸ್ಥೆ ಇಂಜಿನಿಯರ್ಸ್ ಆಸ್ಟ್ರೇಲಿಯಾಕ್ಕೆ ಸಿಡಿಆರ್ (ನಿಮ್ಮ ಸಾಮರ್ಥ್ಯ ತೋರಿಸುವ ವರದಿ) ಬರೆದಿದ್ದರೆ ಅದನ್ನೂ ಒಮ್ಮೆ ಓದಿ. ಅದರಲ್ಲಿ ಮೂರು ಕೆರಿಯರ್ ಎಪಿಸೋಡ್ (ನೀವು ಮಾಡಿದ ಒಂದೊಂದು ಕೆಲಸದ ವಿವರಣೆ) ಇರಬೇಕು, ಎಲ್ಲಾ "ನಾನು ಮಾಡಿದೆ" ಅನ್ನುವ ಧಾಟಿಯಲ್ಲಿ. ಇನ್ನೂ ಬರೆದಿಲ್ಲವಾದರೆ ದುಡ್ಡು ಕೊಟ್ಟು ಬರೆಸಬೇಡಿ, ನಕಲು ಹಿಡಿಯುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಈ ಜಿಲ್ಲೆಯಲ್ಲಿ ಎಷ್ಟು ತಡೆಗೋಡೆ ಕಟ್ಟಿದ್ದಾರೆ! ನೀವೇ ಅಂಥ ಕೆಲಸದಲ್ಲಿದ್ದೀರಿ. ನೀರು ಹೊರಹೋಗಲು ಏನು ಮಾಡಿದಿರಿ, ಮಣ್ಣಿನ ಒತ್ತಡ ಹೇಗೆ ಲೆಕ್ಕ ಹಾಕಿದಿರಿ ಅಂತ ಬರೆದರೆ ಸಾಕು.

ಮನೆಯಲ್ಲಿ ಸಂಬಂಧ ನೋಡುತ್ತಿದ್ದರೆ ಇದೂ ಗೊತ್ತಿರಲಿ. ಮದುವೆಯಾದರೆ ಒಂಟಿಯ 10 ಹೋಗುತ್ತದೆ. ಸಂಗಾತಿ 45ರೊಳಗಿದ್ದು, ಅವರ ಕೆಲಸವೂ ನಿಮ್ಮ ಕೆಲಸ ಇರುವ ವೀಸಾದ ವೃತ್ತಿ ಪಟ್ಟಿಯಲ್ಲೇ ಇದ್ದು, ಸ್ಕಿಲ್ ಅಸೆಸ್‌ಮೆಂಟ್ ಮತ್ತು ಇಂಗ್ಲಿಷ್ ಎರಡೂ ಇದ್ದರೆ 10 ವಾಪಸ್ ಬರುತ್ತದೆ. ಬರೀ ಇಂಗ್ಲಿಷ್ ಇದ್ದರೆ 5. ಮದುವೆ ಮುಚ್ಚಿಡುವ ಯೋಚನೆ ಬೇಡ, ದಿನಾಂಕ ಗೊತ್ತಾದರೆ ಅವರ ಐಇಎಲ್‌ಟಿಎಸ್ ಕೂಡ ಮೊದಲೇ ಬರೆಸಿ.