ವ್ಯಾಯಾಮ ಎರಡೇ ವಾರಕ್ಕೆ ನಿಂತುಹೋಗುತ್ತದೆ. ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?

ಉತ್ಸಾಹವನ್ನು ನಂಬಿ ಕೂರಬೇಡಿ. ಅದು ಹೊಸ ಶೂ ಕೊಂಡ ದಿನ ಉಕ್ಕುತ್ತದೆ, ಮಳೆ ಹಿಡಿದ ಮೊದಲ ಬೆಳಿಗ್ಗೆ ಇಂಗಿಹೋಗುತ್ತದೆ. ನಾನೇ ಮೂರು ಸಲ ಹೀಗೆ ಕೈಬಿಟ್ಟವನು. ನಾಲ್ಕನೆಯ ಸಲ ಉಳಿದದ್ದು ಒಂದು ಸಣ್ಣ ಉಪಾಯದಿಂದ: ರಾತ್ರಿಯೇ ಶೂ, ಸಾಕ್ಸ್ ಬಾಗಿಲ ಬಳಿ ಇಟ್ಟು, ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಹಾಕಿಕೊಳ್ಳುವುದು. ಲೇಸು ಕಟ್ಟಿದ ಮೇಲೂ ಮನಸ್ಸು ಒಪ್ಪದಿದ್ದರೆ ಹತ್ತು ನಿಮಿಷ ನಡೆದು ವಾಪಸ್ ಬರಬಹುದು ಎಂಬ ವಿನಾಯಿತಿಯನ್ನೂ ನಾನೇ ಕೊಟ್ಟುಕೊಂಡಿದ್ದೆ. ಹಾಗೆ ಹಿಂದಿರುಗಿದ ದಿನಗಳು ಬೆರಳೆಣಿಕೆಯಷ್ಟು.

‘21 ದಿನ ಮಾಡಿದರೆ ಅಭ್ಯಾಸವಾಗುತ್ತದೆ’ ಎಂಬ ಮಾತು ಅನೇಕರನ್ನು ದಾರಿ ತಪ್ಪಿಸಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಭ್ಯಾಸ ಗಟ್ಟಿಯಾಗಲು ಬೇಕಾದ ಅಂದಾಜು ಅವಧಿ 18ರಿಂದ 254 ದಿನಗಳವರೆಗೆ ಹರಡಿತ್ತು. ನಡುವಿನ ಅಂಕಿ 66. ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸ ಕೆಡುವುದಿಲ್ಲ ಎಂಬುದೂ ಅದರಲ್ಲೇ ಕಂಡಿತು. ಹಾಗಾಗಿ ತಪ್ಪಿದ ಮರುದಿನ ದುಪ್ಪಟ್ಟು ಮಾಡಿ ಮೈಕೈ ನೋಯಿಸಿಕೊಳ್ಳಬೇಡಿ. ಎಂದಿನಷ್ಟೇ ಮಾಡಿ.

ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಶಿಫಾರಸು ಮಾಡುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸಿನ ನಡಿಗೆ ಎಂದುಕೊಳ್ಳಿ. ತೂಕದ ಯಂತ್ರವನ್ನು ಮಾತ್ರ ಮೊದಲ ತಿಂಗಳು ಕಪಾಟಿನೊಳಗಿಡಿ. ಅದರ ಮುಳ್ಳು ಅಲುಗಲಿಲ್ಲವೆಂದೇ ನಾನು ಎರಡು ಸಲ ಬಿಟ್ಟದ್ದು. ನಡೆದ ದಿನಕ್ಕೊಂದು ಗೀಟನ್ನು ಕ್ಯಾಲೆಂಡರಿನ ಮೇಲೆ ಎಳೆಯುತ್ತ ಹೋದರೆ ಸಾಕು.