ಹಗೆಯವರ ಕತ್ತೆ ಬಿದ್ದಿದ್ದರೆ

ಪ್ರಶ್ನೆ: ನಮ್ಮ ಸಭೆಯ ಸ್ತ್ರೀಯರ ಕೂಟಕ್ಕೆ ಆರು ವರ್ಷ ನಾನೇ ಖಜಾಂಚಿ. ನಾನು ಕಾಣಿಕೆ ಹಣ ತಿಂದೆ ಎಂದು ಸಭೆಯ ಒಬ್ಬ ಹೆಂಗಸು ಸುದ್ದಿ ಹಬ್ಬಿಸಿದರು. ಲೆಕ್ಕ ತೆಗೆದು ನೋಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಆದರೂ ಆಕೆ ಇವತ್ತಿಗೂ ತಪ್ಪಾಯಿತು ಅಂದಿಲ್ಲ. ಈಗ ಆಕೆಯ ಮಗಳು ನನ್ನ ಆಫೀಸಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಆಯ್ಕೆ ಮಾಡುವ ಮೂವರಲ್ಲಿ ನಾನೂ ಒಬ್ಬಳು. ನಾಲ್ಕು ದಿನದಿಂದ ಅರ್ಜಿ ನನ್ನ ಡ್ರಾಯರಿನಲ್ಲೇ ಇದೆ. ‘ವೈರಿಗಳನ್ನು ಪ್ರೀತಿಸಿರಿ ಅಂತ ಇದೆಯಲ್ಲ, ಹೋಗಿ ಆಕೆಯನ್ನು ಅಪ್ಪಿಕೊಂಡು ಬನ್ನಿ’ ಎನ್ನುತ್ತಾರೆ ಪಾಸ್ಟರ್. ಆಕೆಗಾಗಿ ಪ್ರಾರ್ಥಿಸಲು ಕೂತರೆ ಬಾಯೇ ಕಟ್ಟುತ್ತದೆ. ನಾನೆಂಥ ಕ್ರೈಸ್ತಳು?

ಉತ್ತರ: ಮೊದಲು ಆ ಡ್ರಾಯರ್ ತೆಗೆಯಿರಿ, ಸಹೋದರಿ. ಅಪ್ಪಿಕೊಳ್ಳುವ ವಿಷಯ ಆಮೇಲೆ.

ವೈರಿಯನ್ನು ಪ್ರೀತಿಸುವುದು ಅಂದ ಕೂಡಲೇ ನಾವು ನಮ್ಮ ಎದೆ ಮುಟ್ಟಿ ನೋಡಿಕೊಳ್ಳುತ್ತೇವೆ, ಅಲ್ಲಿ ಪ್ರೀತಿ ಇಲ್ಲದಿದ್ದರೆ ಕಪಟಿಗಳಾದೆವು ಎಂದು ಹೆದರುತ್ತೇವೆ. ಬೈಬಲ್ ನೋಡುವುದು ಕೈಯನ್ನು. ವಿಮೋಚನಕಾಂಡದ 23ನೇ ಅಧ್ಯಾಯ ತೆಗೆದು ನೋಡಿ. ನಿನ್ನನ್ನು ಹಗೆಮಾಡುವವನ ಕತ್ತೆ ಹೊರೆಯ ಕೆಳಗೆ ಕುಸಿದು ಬಿದ್ದಿದ್ದರೆ ನೋಡಿಯೂ ಹೋಗಿಬಿಡಬೇಡ, ಎಬ್ಬಿಸಲು ನೆರವಾಗು ಎಂದಿದೆ. ಕತ್ತೆಯ ಒಡೆಯನ ಮೇಲೆ ನಿನಗೆ ಅಕ್ಕರೆ ಹುಟ್ಟಿತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಲ್ಲು ಕಚ್ಚಿಕೊಂಡೇ ಎತ್ತಿ, ಪರವಾಗಿಲ್ಲ. ಯೇಸು ಮತ್ತಾಯ 5ರಲ್ಲಿ ಹೇಳಿದ್ದೂ ಇದೇ ಜಾಡಿನಲ್ಲಿದೆ: ತಂದೆಯು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯನನ್ನು ಮೂಡಿಸುತ್ತಾನೆ, ಮಳೆ ಸುರಿಸುತ್ತಾನೆ.

ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ಹೋರಾಡಿದ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಇದೇ ಮಾತಿನ ಮೇಲೆ 1957ರ ನವೆಂಬರ್‌ನಲ್ಲಿ ಮಾಂಟ್ಗಮರಿಯ ತಮ್ಮ ಸಭೆಯಲ್ಲಿ ಪ್ರಸಂಗ ಮಾಡಿದರು. ಹಿಂದಿನ ವರ್ಷವಷ್ಟೇ ಅವರ ಮನೆಗೆ ಬಾಂಬ್ ಎಸೆದಿದ್ದರು, ಹೆಂಡತಿ ಮತ್ತು ಎಳೆಗೂಸು ಒಳಗಿದ್ದಾಗ. ವೈರಿಯನ್ನು ‘ಇಷ್ಟಪಡು’ ಎಂದು ಯೇಸು ಹೇಳಲಿಲ್ಲವಲ್ಲ ಎಂದರು ಅವರು. ಬಾಂಬ್ ಎಸೆದವನನ್ನು ಇಷ್ಟಪಡಲು ಯಾರಿಗೆ ಸಾಧ್ಯ? ಅವನಿಗೆ ಕೇಡು ಮಾಡುವ ಅವಕಾಶ ಕೈಗೆ ಬಂದಾಗ ಅದನ್ನು ಬಿಟ್ಟುಕೊಡುವುದು ಮಾತ್ರ ಸಾಧ್ಯ.

ನಿಮ್ಮ ಕೈಗೆ ಬಂದಿರುವುದೂ ಅಂಥ ಅವಕಾಶವೇ. ಬಿದ್ದಿರುವ ಕತ್ತೆ ಈ ಅರ್ಜಿ. ಹುಡುಗಿಯದಂತೂ ಯಾವ ತಪ್ಪೂ ಇಲ್ಲ. ಬೇರೆ ಅರ್ಜಿಗಳನ್ನು ಓದಿದ ಕಣ್ಣಿನಿಂದಲೇ ಇದನ್ನೂ ಓದಬಲ್ಲೆ ಅನ್ನಿಸಿದರೆ ಓದಿ. ಆಗದಿದ್ದರೆ ‘ಈ ಮನೆಯವರಿಗೂ ನನಗೂ ಹಳೆಯ ಮನಸ್ತಾಪ ಇದೆ, ನೀವೇ ನೋಡಿ’ ಎಂದು ಉಳಿದ ಇಬ್ಬರಿಗೆ ಒಪ್ಪಿಸಿ. ಕಾಣಿಕೆ ಹಣದ ಕತೆ ಅಲ್ಲಿ ಬಿಚ್ಚಬೇಡಿ. ಪುಣ್ಯ ಬರಲಿ ಎಂದು ಹುಡುಗಿಗೆ ಎರಡು ಅಂಕ ಹೆಚ್ಚು ಹಾಕುವುದೂ ಬೇಡ, ಬೇರೆ ಅರ್ಜಿದಾರರ ಪಾಲಿಗೆ ಅದು ಅನ್ಯಾಯ.

ಇನ್ನು ಅಪ್ಪುಗೆ. ಇಲ್ಲಿ ನಿಮ್ಮ ಪಾಸ್ಟರ್ ಮಾತು ನಾನು ಒಪ್ಪಲಾರೆ. ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ರಾಜ ಸೌಲನನ್ನು ದಾವೀದ ಗುಹೆಯಲ್ಲಿ ಕೊಲ್ಲಬಹುದಿತ್ತು, ನಿಲುವಂಗಿಯ ಅಂಚು ಕತ್ತರಿಸಿ ಬಿಟ್ಟುಬಿಟ್ಟ. ಸೌಲ ಗಟ್ಟಿಯಾಗಿ ಅತ್ತ, ನೀನು ನನಗಿಂತ ನೀತಿವಂತ ಎಂದ. ಆಮೇಲೇನಾಯಿತು? ಸೌಲ ಮನೆಗೆ ಹೋದ, ದಾವೀದ ತನ್ನ ಜನರೊಂದಿಗೆ ದುರ್ಗಕ್ಕೇ ಹತ್ತಿದ. ಆ ಕಣ್ಣೀರನ್ನು ನಂಬಿ ಸೌಲನ ಹಿಂದೆ ಹೋಗಲಿಲ್ಲ. ಒಳ್ಳೆಯದೇ ಆಯಿತು, ಎರಡು ಅಧ್ಯಾಯ ದಾಟುವಷ್ಟರಲ್ಲಿ ಸೌಲ ಮೂರು ಸಾವಿರ ಜನರನ್ನು ಕಟ್ಟಿಕೊಂಡು ಮತ್ತೆ ಬೆನ್ನಟ್ಟಿ ಬಂದ! ಅಪೊಸ್ತಲ ಪೌಲನೂ ಅಷ್ಟೆ. ಕಂಚುಗಾರ ಅಲೆಕ್ಸಾಂದ್ರ ತನಗೆ ಬಹಳ ಕೇಡು ಮಾಡಿದನೆಂದು ಶಿಷ್ಯ ತಿಮೊಥೆಯನಿಗೆ ಹೆಸರು ಹಿಡಿದೇ ಬರೆದ. ಲೆಕ್ಕ ಕರ್ತನಿಗೆ ಬಿಟ್ಟ, ನೀನೂ ಅವನ ವಿಷಯದಲ್ಲಿ ಎಚ್ಚರವಾಗಿರು ಎಂದ.

ಹಾಗಾಗಿ ಆಕೆ ಎದುರಾದರೆ ನಮಸ್ಕಾರ ಹೇಳಿ, ಸಾಕು. ಕೂಟದ ಲೆಕ್ಕದ ಪುಸ್ತಕ ಮಾತ್ರ ಆಕೆಯ ಕೈಗೆ ಕೊಡಬೇಡಿ. ತಪ್ಪಾಯಿತು ಎಂಬ ಮಾತು ಬೇಕೇಬೇಕು ಅನ್ನಿಸಿದರೆ ಮತ್ತಾಯ 18 ದಾರಿ ತೋರಿಸುತ್ತದೆ: ಮೊದಲು ನೀವಿಬ್ಬರೇ ಕೂತು ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಿ. ಪಾಸ್ಟರ್ ಈ ಕೆಲಸಕ್ಕೆ ಜೊತೆಗೆ ಬರಲಿ.

ಬಾಯಿ ಕಟ್ಟುವುದರ ಬಗ್ಗೆ: 109ನೇ ಕೀರ್ತನೆ ಓದಿದ್ದೀರಾ? ವೈರಿಯ ಆಯುಷ್ಯ ಕಡಿಮೆಯಾಗಲಿ, ಅವನ ಹೆಂಡತಿ ವಿಧವೆಯಾಗಲಿ ಎಂದೆಲ್ಲ ಇದೆ. ಅದೂ ಪ್ರಾರ್ಥನೆಯೇ. ನನಗೂ ಅಂಥವರೊಬ್ಬರಿದ್ದರು. ತುಂಬಾ ದಿನ ನಾನು ಆಡುತ್ತಿದ್ದುದು ಒಂದೇ ಮಾತು, ‘ಕರ್ತನೇ, ಆತ ಇದ್ದಾನಲ್ಲ, ನೀನೇ ನೋಡಿಕೋ.’ ಅದನ್ನು ಯಾವ ಸ್ವರದಲ್ಲಿ ಹೇಳುತ್ತಿದ್ದೆ ಎಂದು ಕೇಳಬೇಡಿ. ಒಂದು ದಿನ ಆತ ಹಾಸಿಗೆ ಹಿಡಿದ ಸುದ್ದಿ ಬಂತು, ನನಗೆ ಖುಷಿಯಾಗಲಿಲ್ಲ. ಬದಲಾವಣೆ ಅಷ್ಟೇ. ನೀವೂ ಹೆಸರೊಂದನ್ನು ಹೇಳಿ ಎದ್ದುಬಿಡಿ, ಉಳಿದ ಮಾತು ಬಂದಾಗ ಬರಲಿ.

ಅರ್ಜಿಯ ಗಡುವು ಯಾವತ್ತು ಎಂದು ನೀವು ಬರೆದಿಲ್ಲ. ನಾಳೆ ಆಫೀಸಿಗೆ ಹೋದ ತಕ್ಷಣ ಅದನ್ನು ನೋಡಿ.