ಬಿ.ಕಾಂ. ಓದುವಾಗಲೇ ಅಕೌಂಟ್ಸ್ ಕೆಲಸದ ಅನುಭವ ಪಡೆಯುವುದು ಹೇಗೆ?

ನಿಮ್ಮ ಊರಿನ ಆಡಿಟರ್ ಆಫೀಸಿಗೆ ಹೋಗಿ ಕೇಳಿ. ದೊಡ್ಡ ಕಂಪನಿಯ ಇಂಟರ್ನ್‌ಶಿಪ್‌ಗೆ ಕಾಯುವುದಕ್ಕಿಂತ ಇದು ಸುಲಭ, ಕಲಿಯಲು ಸಿಗುವುದೂ ಜಾಸ್ತಿ.

ಯಾಕೆಂದರೆ ಅಲ್ಲಿನ ಕೆಲಸ ತಿಂಗಳಿಡೀ ಒಂದೇ ಸಮ ಇರುವುದಿಲ್ಲ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವ ವ್ಯಾಪಾರಿಗಳು ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ, ತೆರಿಗೆ ಕಟ್ಟುವ ರಿಟರ್ನನ್ನು 20ರೊಳಗೆ ಸಲ್ಲಿಸಬೇಕು. ಆ ದಿನಗಳಲ್ಲಿ ಬಿಲ್ಲುಗಳ ರಾಶಿ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಹಾಕಲು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡಲು ಜನ ಬೇಕು. ಕಾಲೇಜು ಮುಗಿಸಿ ಅರ್ಧ ದಿನ ಬರುವವರಾದರೂ ನಡೆಯುತ್ತದೆ. ಕೇಳಲು ಮಾತ್ರ 21ರ ನಂತರ ಹೋಗಿ. 18ಕ್ಕೆ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ!

ಕ್ಲಾಸಿನಲ್ಲಿ ಕೊಡುವ ಲೆಕ್ಕ ನೀಟಾಗಿರುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಖರೀದಿಯ ಬಿಲ್ಲು ಅಂಗಡಿಯವರ ಬಳಿ ಇರುತ್ತದೆ, ಆದರೆ ಮಾರಿದವರು ಅದನ್ನು ತಮ್ಮ ರಿಟರ್ನಿನಲ್ಲಿ ತೋರಿಸಿರುವುದಿಲ್ಲ. ಆಗ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಅಂದರೆ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು ಆಗುವುದಿಲ್ಲ. ಇಂಥ ಬಿಲ್ಲುಗಳನ್ನು ಹುಡುಕಿ, ಫೋನ್ ಮಾಡಿ ಸರಿಪಡಿಸುವುದನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಮುಂದೆ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ಬರುವುದು ಇದೇ.

ದುಡ್ಡು ಜಾಸ್ತಿ ನಿರೀಕ್ಷಿಸಬೇಡಿ. ಇದನ್ನು ಸಿಎ ಆರ್ಟಿಕಲ್‌ಶಿಪ್ (ಸಿಎ ಕೋರ್ಸಿನ ಭಾಗವಾದ ಕಡ್ಡಾಯ ತರಬೇತಿ) ಅಂದುಕೊಳ್ಳಲೂಬೇಡಿ, ಅದಕ್ಕೆ ಸಿಎ ಇಂಟರ್‌ಮೀಡಿಯೇಟ್ ಪಾಸಾಗಿರಬೇಕು. ಬಿಡುವಾಗ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಬರೆಸಿಕೊಳ್ಳಿ. ಏನೇನು ಕೆಲಸ ಮಾಡಿದಿರಿ ಎಂದು ಅದರಲ್ಲಿರಲಿ.